‘ಅಲ್ಲ’ ಮತ್ತು ‘ಇಲ್ಲ’: ಇಂಗ್ಲಿಷಿನ ಮೂಲಕ ಬರುವ ಆರಂಭಿಕ ಸ್ಪ್ಯಾನಿಷ್ ವ್ಯಾಕರಣಗಳ ಒಂದು ವಿಮರ್ಶೆ

ಸಾರಾಂಶ: ಕನ್ನಡಿಗರು ಸ್ಪ್ಯಾನಿಷ್ ಕಲಿಯಲು ಬಳಸುವ ಆರಂಭಿಕ ವ್ಯಾಕರಣಗಳು ಬಹುಮಟ್ಟಿಗೆ ಇಂಗ್ಲಿಷ್ ಮಾತೃಭಾಷಿಕರಿಗಾಗಿ ರಚಿತವಾದವು. ಯಾವುದು ಸುಲಭ, ಯಾವುದು ಕಠಿಣ, ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬಹುದು ಎಂಬ ಅವುಗಳ ತೀರ್ಮಾನಗಳು ಇಂಗ್ಲಿಷಿನ ರಚನೆಯಿಂದ ಹುಟ್ಟಿದವು. ಇಷ್ಟವನ್ನು ಸೂಚಿಸುವ ಕ್ರಿಯಾಪದ, ‘ಇರು’ ಎಂಬರ್ಥದ ಎರಡು ಕ್ರಿಯಾಪದಗಳು, ಮನುಷ್ಯವಾಚಿ ಕರ್ಮದ ಗುರುತು ಮತ್ತು ಗುಣವಾಚಿಗಳ ಪದಾನುಗುಣ್ಯ ಎಂಬ ನಾಲ್ಕು ಪ್ರಕರಣಗಳನ್ನು ಪರಿಶೀಲಿಸಿ, ಈ ತೀರ್ಮಾನಗಳು ಕನ್ನಡ ಕಲಿಕಾರ್ಥಿಯ ವಿಷಯದಲ್ಲಿ ಎಲ್ಲಿ ತಪ್ಪುತ್ತವೆ ಎಂಬುದನ್ನು ಈ ಲೇಖನದಲ್ಲಿ ತೋರಿಸುತ್ತೇವೆ.

ಪ್ರಮುಖ ಪದಗಳು: ವ್ಯತಿರೇಕೀ ವಿಶ್ಲೇಷಣೆ, ಚತುರ್ಥೀ ಅನುಭೋಕ್ತೃ, ನಾಮವಾಕ್ಯ, ದ್ವಿತೀಯಾ ವಿಭಕ್ತಿ, ಭಾಷಾಬೋಧನೆ

1. ಪ್ರಶ್ನೆಯ ಸ್ವರೂಪ

ಸ್ಪ್ಯಾನಿಷ್ ಕಲಿಯಲು ಹೊರಟ ಕನ್ನಡಿಗರ ಕೈಗೆ ಮೊದಲು ಬರುವ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 20 ಸ್ವತಂತ್ರ ರಾಷ್ಟ್ರಗಳ ಅಧಿಕೃತ ಭಾಷೆಯಾಗಿರುವ ಸ್ಪ್ಯಾನಿಷಿಗೆ ಇಂಗ್ಲಿಷ್ ಜಗತ್ತಿನಲ್ಲಿ ದೊಡ್ಡ ಮಾರುಕಟ್ಟೆಯಿದೆ. ಆ ಮಾರುಕಟ್ಟೆಗಾಗಿ ಸಿದ್ಧವಾದ ಪುಸ್ತಕಗಳೇ ನಮ್ಮ ಗ್ರಂಥಾಲಯಗಳಿಗೂ ತರಗತಿಗಳಿಗೂ ಬರುತ್ತವೆ. ಆದರೆ ಆ ಪುಸ್ತಕಗಳು ಸ್ಪ್ಯಾನಿಷ್ ವ್ಯಾಕರಣದ ಜೊತೆಗೆ ಇನ್ನೊಂದು ಸರಕನ್ನೂ ಹೊತ್ತು ತರುತ್ತವೆ. ‘ಇದು ವಿಚಿತ್ರ’, ‘ಇದು ತಲೆಕೆಳಗಾದದ್ದು’, ‘ಇಲ್ಲಿ ಎಚ್ಚರ’, ‘ಇದನ್ನು ಹೇಳುವ ಅಗತ್ಯವೇ ಇಲ್ಲ’ ಎಂಬ ತೀರ್ಪುಗಳ ಸರಕು ಅದು. ಈ ತೀರ್ಪುಗಳು ಸ್ಪ್ಯಾನಿಷನ್ನು ಕುರಿತು ಹೇಳಿದಂತೆ ಕಂಡರೂ ವಾಸ್ತವದಲ್ಲಿ ಅವು ಇಂಗ್ಲಿಷಿಗೂ ಸ್ಪ್ಯಾನಿಷಿಗೂ ನಡುವಿನ ಅಂತರವನ್ನು ಕುರಿತವು.

ಈ ಪ್ರಶ್ನೆ ಕೇವಲ ಶಾಸ್ತ್ರೀಯವಲ್ಲ. ಪಿರಿಯಾಪಟ್ಟಣದಂಥ ತಾಲ್ಲೂಕು ಕೇಂದ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಗೆಂದು ಮೈಸೂರಿಗೆ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆ ಬೆಳೆದ ಪರಿಸರ ಏಕಭಾಷಿಕವಲ್ಲ. ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, 1960ರ ದಶಕದ ಆರಂಭದಿಂದ ಬೆಳೆದ ಬೈಲಕುಪ್ಪೆಯ ಟಿಬೆಟನ್ ವಸತಿಗಳಿವೆ. ಸಂತೆಯಲ್ಲಿ ಉರ್ದು ಕೇಳಿಸುತ್ತದೆ. ಪಕ್ಕದ ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ ಸಮುದಾಯಗಳ ಮಾತುಗಳಿವೆ. ಶಾಲೆಯಲ್ಲಿ ಹಿಂದಿಯನ್ನು ಓದಿದ್ದಾಳೆ. ಇಷ್ಟೆಲ್ಲ ಇದ್ದರೂ ಸ್ಪ್ಯಾನಿಷ್ ತರಗತಿಯಲ್ಲಿ ಆಕೆಯ ಸ್ಥಾನವನ್ನು ನಿರ್ಧರಿಸುವುದು ಒಂದೇ ಅಳತೆಗೋಲು: ಇಂಗ್ಲಿಷಿನ ವಿವರಣೆ ಆಕೆಗೆ ಎಷ್ಟು ಅರ್ಥವಾಗುತ್ತದೆ ಎಂಬುದು. ಹೀಗೆ ಇಂಗ್ಲಿಷಿನ ಕೊರತೆ ಸ್ಪ್ಯಾನಿಷಿನ ಕೊರತೆಯಾಗಿ ದಾಖಲಾಗುತ್ತದೆ. ಆಕೆಗೆ ಮಾತೃಭಾಷೆಯಿಂದಲೇ ಗೊತ್ತಿರುವ ವಿಷಯವನ್ನು ಪುಸ್ತಕ ‘ಕಠಿಣ’ ಎನ್ನುತ್ತದೆ. ಆಕೆಗೆ ನಿಜವಾಗಿ ಹೊಸದಾದ ವಿಷಯದ ಬಳಿ ಅದು ಸುಮ್ಮನಿರುತ್ತದೆ.

ಲಿಪ್ಯಂತರದ ಬಗೆಗೆ ಒಂದು ಮಾತು. ಸ್ಪ್ಯಾನಿಷಿನಲ್ಲಿ ಹ್ರಸ್ವ–ದೀರ್ಘ ಭೇದ ಅರ್ಥಭೇದಕವಲ್ಲ. ಆದ್ದರಿಂದ ಉದಾಹರಣೆಗಳ ಸ್ವರಗಳನ್ನೆಲ್ಲ ಹ್ರಸ್ವವಾಗಿಯೇ ಬರೆದಿದ್ದೇವೆ. ಉಚ್ಚಾರಣೆ ಲ್ಯಾಟಿನ್ ಅಮೆರಿಕದ ಬಹುಪಾಲು ಪ್ರದೇಶಗಳಲ್ಲಿ ಇರುವಂಥದು.

2. ಕ್ಲಿಷ್ಟತೆಯ ಪಟ್ಟಿ ಯಾರದು?

ಒಂದು ಭಾಷೆಯ ಚೌಕಟ್ಟಿನಲ್ಲಿ ಇನ್ನೊಂದನ್ನು ನೋಡುವುದು ವ್ಯಾಕರಣ ಪರಂಪರೆಯ ಹಳೆಯ ರೂಢಿ. ಆಂತೋನಿಯೊ ದೆ ನೆಬ್ರಿಹ 1492ರಲ್ಲಿ ಸಲಮಾಂಕದಲ್ಲಿ ಪ್ರಕಟಿಸಿದ ಕಸ್ತಿಯ ಭಾಷೆಯ ವ್ಯಾಕರಣ, ಆಧುನಿಕ ಯುರೋಪಿನ ದೇಶಭಾಷೆಯೊಂದರ ಮೊದಲ ಮುದ್ರಿತ ವ್ಯಾಕರಣವೆಂದು ಪ್ರಸಿದ್ಧವಾಗಿದೆ. ಅದರ ಐದು ಭಾಗಗಳಲ್ಲಿ ಕೊನೆಯದು ಕಸ್ತಿಯ ಭಾಷೆಯನ್ನು ಹೊಸದಾಗಿ ಕಲಿಯಬಯಸುವ ಅನ್ಯಭಾಷಿಕರಿಗಾಗಿಯೇ ಮೀಸಲಾದದ್ದು. ಇಂದಿನ ಆರಂಭಿಕ ವ್ಯಾಕರಣಗಳ ಪೂರ್ವಜ ಅಲ್ಲಿದೆ ಎನ್ನಬಹುದು. ನೆಬ್ರಿಹ ಲ್ಯಾಟಿನ್ ಪಂಡಿತ; ಅವನ ವಿವರಣೆಯ ಪರಿಭಾಷೆಯೂ ಬಹುಮಟ್ಟಿಗೆ ಲ್ಯಾಟಿನ್ನಿನದು. ಅದೇ ಐಬೀರಿಯನ್ ಪರಂಪರೆ ನಮ್ಮ ಕರಾವಳಿಗೂ ಬಂದಿತು. ಥಾಮಸ್ ಸ್ಟೀಫನ್ಸ್ ರಚಿಸಿ, ಅವನ ಮರಣಾನಂತರ 1640ರಲ್ಲಿ ಗೋವೆಯ ರಾಯ್ತೂರಿನಲ್ಲಿ ಅಚ್ಚಾದ ವ್ಯಾಕರಣದ ಶೀರ್ಷಿಕೆಯಲ್ಲಿ ಇರುವ ಹೆಸರು ‘ಕನಾರಿಂ’. ಆದರೆ ಒಳಗೆ ವರ್ಣಿತವಾದ ಭಾಷೆ ಕೊಂಕಣಿ. ಹೊರಗಿನವರ ಚೌಕಟ್ಟು ಭಾಷೆಯ ಹೆಸರನ್ನೂ ಬದಲಿಸಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಈ ರೂಢಿಯ ವಿರುದ್ಧ ಎರಡು ಖಂಡಗಳಲ್ಲಿ ಎದ್ದ ಎರಡು ದನಿಗಳನ್ನು ಇಲ್ಲಿ ನೆನೆಯಬೇಕು. ಆಂದ್ರೆಸ್ ಬೆಯೊ 1847ರಲ್ಲಿ ಚಿಲಿಯ ಸಂತಿಯಾಗೊದಲ್ಲಿ ಅಮೆರಿಕದವರ ಬಳಕೆಗೆಂದು ಪ್ರಕಟಿಸಿದ ವ್ಯಾಕರಣದಲ್ಲಿ, ಸ್ಪ್ಯಾನಿಷನ್ನು ಲ್ಯಾಟಿನ್ನಿನ ವಿಭಕ್ತಿಪಟ್ಟಿಗೆ ಹೊಂದಿಸುವುದನ್ನು ನಿರಾಕರಿಸಿದನು. ನಮ್ಮಲ್ಲಿ ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಕೃತಿಯ ಹೆಸರಿನಲ್ಲಿಯೇ ತಮ್ಮ ವಾದವನ್ನು ಮಂಡಿಸಿದರು: ಸಂಸ್ಕೃತದ ಚೌಕಟ್ಟು ಕನ್ನಡದ ಸ್ವಂತ ರಚನೆಯನ್ನು ಮರೆಮಾಡುತ್ತದೆ. ಇಬ್ಬರೂ ಭಾಷೆಯ ವರ್ಣನೆಯ ಬಗೆಗೆ ಮಾತನಾಡಿದವರು. ನಮ್ಮ ಪ್ರಶ್ನೆ ಬೋಧನೆಯದು. ಎರಡೂ ಒಂದೇ ಅಲ್ಲ ಎಂಬುದಕ್ಕೆ ಕೊನೆಯಲ್ಲಿ ಮರಳುತ್ತೇವೆ.

ಬೋಧನೆಯ ಕ್ಷೇತ್ರದಲ್ಲಿ ಕ್ಲಿಷ್ಟತೆಯ ಪಟ್ಟಿಗೆ ಶಾಸ್ತ್ರೀಯ ರೂಪ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ರಾಬರ್ಟ್ ಲಾಡೊ 1957ರ ತಮ್ಮ ಕೃತಿಯಲ್ಲಿ, ಕಲಿಕಾರ್ಥಿಯ ಭಾಷೆಯನ್ನೂ ಕಲಿಯುವ ಭಾಷೆಯನ್ನೂ ಹೋಲಿಸಿ ತೊಡಕುಗಳನ್ನು ಊಹಿಸಬಹುದೆಂದು ಪ್ರತಿಪಾದಿಸಿದರು. ಸ್ಟಾಕ್‌ವೆಲ್, ಬೋವೆನ್ ಮತ್ತು ಮಾರ್ಟಿನ್ 1965ರಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ರಚನೆಗಳನ್ನು ಹೋಲಿಸಿ, ಕ್ಲಿಷ್ಟತೆಯ ಶ್ರೇಣಿಯೊಂದನ್ನು ಕಟ್ಟಿದರು. ಊಹಿಸಿದ ತೊಡಕುಗಳೆಲ್ಲ ತರಗತಿಯಲ್ಲಿ ಕಾಣಿಸುವುದಿಲ್ಲ, ಕಾಣಿಸಿದವೆಲ್ಲ ಊಹೆಗೆ ಸಿಕ್ಕಿದವಲ್ಲ ಎಂಬ ಆಕ್ಷೇಪ ಈ ವಿಧಾನದ ಮೇಲೆ ಆಮೇಲೆ ಬಂದಿತು, ಅದು ನ್ಯಾಯವಾದದ್ದು. ಆದರೂ ಆ ಗ್ರಂಥದ ಪ್ರಾಮಾಣಿಕತೆಯನ್ನು ಒಪ್ಪಬೇಕು: ತಾನು ಯಾವ ಎರಡು ಭಾಷೆಗಳ ನಡುವಿನ ಅಂತರವನ್ನು ಅಳೆಯುತ್ತಿದೆ ಎಂಬುದನ್ನು ಅದು ಮುಖಪುಟದಲ್ಲಿಯೇ ಹೇಳುತ್ತದೆ. ನಮ್ಮ ದೂರು ಅದರ ಮೇಲಲ್ಲ. ಎರಡು ಭಾಷೆಗಳ ನಡುವಿನ ಅಂತರವನ್ನು ಒಂದು ಭಾಷೆಯ ಸ್ವಭಾವವೆಂದು ಹೇಳುವ ಜನಪ್ರಿಯ ಆರಂಭಿಕ ಪುಸ್ತಕಗಳ ಮೇಲೆ, ಮತ್ತು ಅವನ್ನು ಪರೀಕ್ಷಿಸದೆ ಬಳಸುವ ನಮ್ಮ ಮೇಲೆ.

3. ‘ನನಗೆ ಹಿಡಿಸಿತು’

ಇಂಗ್ಲಿಷ್ ಮೂಲದ ಆರಂಭಿಕ ವ್ಯಾಕರಣಗಳಲ್ಲಿ ‘ಗುಸ್ತರ್’ ಎಂಬ ಕ್ರಿಯಾಪದಕ್ಕೆ ಪ್ರತ್ಯೇಕ ಪಾಠವಿರುತ್ತದೆ. ಅದನ್ನು ‘ಹಿಂದುಮುಂದಾದ ಕ್ರಿಯಾಪದ’ ಎಂದು ಪರಿಚಯಿಸುವುದು ವಾಡಿಕೆ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ, ಇಷ್ಟವಾದದ್ದು ಕರ್ಮ. ಸ್ಪ್ಯಾನಿಷಿನಲ್ಲಿ ಇಷ್ಟವಾದದ್ದು ಕರ್ತೃ, ಇಷ್ಟಪಡುವವನು ಚತುರ್ಥಿಯಲ್ಲಿ. ಇಂಗ್ಲಿಷಿನ ಓದುಗನಿಗೆ ಇದು ಕನ್ನಡಿಯಲ್ಲಿ ಕಂಡ ಬರಹ. ಕನ್ನಡದ ಓದುಗರಿಗೆ?

(1) ಮೆ ಗುಸ್ತೊ ಎಸ್ತೆ ಪ್ವೆಬ್ಲೊ. — ನನಗೆ ಈ ಊರು ಹಿಡಿಸಿತು.
(2) ಮೆ ಗುಸ್ತರೊನ್ ಎಸ್ತೊಸ್ ಪ್ವೆಬ್ಲೊಸ್. — ನನಗೆ ಈ ಊರುಗಳು ಹಿಡಿಸಿದವು.

ವಿಭಕ್ತಿ ಒಂದೇ, ಕ್ರಿಯಾಪದ ಯಾವುದಕ್ಕೆ ಹೊಂದಿಕೊಳ್ಳುತ್ತದೆ ಎಂಬುದೂ ಒಂದೇ: ಊರು ಒಂದಾದರೆ ಏಕವಚನ, ಹಲವಾದರೆ ಬಹುವಚನ. ಪದಗಳ ಅನುಕ್ರಮದ ಹೊರತು ಇಲ್ಲಿ ಹೊಸದೇನೂ ಇಲ್ಲ. ‘ಮೆ ದ್ವೆಲೆ ಲ ಕಬೆಸ’ ಎಂದರೆ ‘ನನಗೆ ತಲೆ ನೋಯುತ್ತದೆ’. ‘ಮೆ ಪರೆಸೆ’ ಎಂದರೆ ‘ನನಗೆ ಅನಿಸುತ್ತದೆ’. ಇಂಥ ವಾಕ್ಯಗಳ ಚತುರ್ಥೀ ಪದ ಎಷ್ಟರಮಟ್ಟಿಗೆ ಕರ್ತೃವಿನ ಗುಣಗಳನ್ನು ಪಡೆಯುತ್ತದೆ ಎಂಬ ಪ್ರಶ್ನೆಯನ್ನು ಎಸ್.ಎನ್. ಶ್ರೀಧರ್ 1979ರಲ್ಲಿಯೇ ಕನ್ನಡದ ಆಧಾರದಿಂದ ಚರ್ಚಿಸಿದ್ದಾರೆ. ಅಂದರೆ ಈ ರಚನೆ ಭಾಷಾವಿಜ್ಞಾನಕ್ಕೆ ಗೊತ್ತಿರುವುದು ಕನ್ನಡದಂಥ ಭಾಷೆಗಳ ಮೂಲಕವೇ. ಆರಂಭಿಕ ಸ್ಪ್ಯಾನಿಷ್ ತರಗತಿಗೆ ಮಾತ್ರ ಈ ಸುದ್ದಿ ತಲುಪಿಲ್ಲ.

ತಲುಪದಿರುವುದಕ್ಕೆ ಇಂಗ್ಲಿಷೊಂದೇ ಕಾರಣವಲ್ಲ. ಶಾಲೆಯ ಕನ್ನಡ ವ್ಯಾಕರಣದಲ್ಲಿ ಚತುರ್ಥಿಯನ್ನು ನಾವು ಸಾಮಾನ್ಯವಾಗಿ ದಾನದ ಉದಾಹರಣೆಯಿಂದ ಕಲಿಸುತ್ತೇವೆ: ಕೊಡುವವನು ಒಬ್ಬ, ಪಡೆಯುವವನು ಇನ್ನೊಬ್ಬ, ಅದು ಸಂಪ್ರದಾನ. ‘ನನಗೆ ಹಸಿವು’, ‘ನನಗೆ ಗೊತ್ತು’, ‘ನನಗೆ ಬೇಕು’ ಎಂಬ, ದಿನಕ್ಕೆ ನೂರು ಬಾರಿ ಆಡುವ ವಾಕ್ಯಗಳಲ್ಲಿ ಯಾರು ಯಾರಿಗೆ ಏನನ್ನು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ಪಾಣಿನಿಗೆ ಈ ಸಮಸ್ಯೆ ಗೊತ್ತಿತ್ತು. ‘ರುಚಿಸು’ ಎಂಬರ್ಥದ ಧಾತುಗಳಿರುವಾಗ ಸಂತೋಷಪಡುವವನಿಗೂ ಸಂಪ್ರದಾನ ಸಂಜ್ಞೆಯೆಂದು ಅಷ್ಟಾಧ್ಯಾಯಿಯ 1.4.33ರಲ್ಲಿ ಪ್ರತ್ಯೇಕವಾಗಿ ವಿಧಿಸಿದ್ದಾನೆ. ಆ ಸೂತ್ರವನ್ನು ಸ್ಪ್ಯಾನಿಷಿನ ಗುಸ್ತರ್ ಪಾಠಕ್ಕೆ ತಲೆಬರಹವಾಗಿ ಇಡಬಹುದು. ಆದರೆ ಶಾಲೆಯ ವ್ಯಾಕರಣ ಆ ಸೂಕ್ಷ್ಮವನ್ನು ಬಿಟ್ಟು ಹೆಸರನ್ನಷ್ಟೇ ಉಳಿಸಿಕೊಂಡಿದೆ. ಹೀಗಾಗಿ ನಮ್ಮ ವಿದ್ಯಾರ್ಥಿನಿಗೆ ತನಗೆ ಏನು ಗೊತ್ತಿದೆ ಎಂಬುದೇ ಗೊತ್ತಿರುವುದಿಲ್ಲ. ಒಂದರ ಮೇಲೊಂದು ಎರಡು ಪರದೆಗಳು.

ಹಾಗೆಂದು ಇಲ್ಲಿ ತೊಡಕೇ ಇಲ್ಲವೆಂದಲ್ಲ. ತೊಡಕಿನ ಜಾಗ ಬೇರೆ. ಕನ್ನಡದಲ್ಲಿ ಚತುರ್ಥಿಯ ವ್ಯಾಪ್ತಿ ಸ್ಪ್ಯಾನಿಷಿಗಿಂತ ಬಹಳ ವಿಶಾಲ. ‘ನನಗೆ ಹಸಿವು’ ಎಂಬುದು ಸ್ಪ್ಯಾನಿಷಿನಲ್ಲಿ ‘ತೆಂಗೊ ಅಂಬ್ರೆ’, ಅಂದರೆ ಅಕ್ಷರಶಃ ‘ಹಸಿವನ್ನು ಹೊಂದಿದ್ದೇನೆ’. ‘ನನಗೆ ಇಪ್ಪತ್ತು ವರ್ಷ’ ಎಂಬುದು ‘ತೆಂಗೊ ಬೆಯಿಂತೆ ಅಞೊಸ್’. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎಂಬುದು ‘ತೆಂಗೊ ದೊಸ್ ಇಹೊಸ್’. ಗುಸ್ತರ್ ಅನ್ನು ಸುಲಭವಾಗಿ ಕಲಿತ ಕನ್ನಡಿಗರು ಅದೇ ಸಲೀಸಿನಲ್ಲಿ ಹಸಿವು, ವಯಸ್ಸು, ಮಕ್ಕಳು, ದುಡ್ಡು ಎಲ್ಲವನ್ನೂ ಚತುರ್ಥಿಗೆ ಎಳೆಯುವ ಸಂಭವವಿದೆ. ಆದ್ದರಿಂದ ಕನ್ನಡಿಗರ ಪುಸ್ತಕದಲ್ಲಿ ದೀರ್ಘವಾಗಬೇಕಾದ ಪಾಠ ‘ತೆನೆರ್’ ಎಂಬ ‘ಹೊಂದು’ ಕ್ರಿಯಾಪದದ್ದು. ಇಂಗ್ಲಿಷ್ ಪುಸ್ತಕಗಳಲ್ಲಿ ಮಕ್ಕಳು, ದುಡ್ಡುಗಳಿಗೆ ಸಂಬಂಧಿಸಿದ ಬಳಕೆ ಒಂದು ಸಾಲಿನಲ್ಲಿ ಮುಗಿಯುತ್ತದೆ, ಏಕೆಂದರೆ ಅದು ಇಂಗ್ಲಿಷಿಗೆ ಸರಿಹೊಂದುತ್ತದೆ. ‘ರವಿಗೆ ಇಷ್ಟ’ ಎನ್ನಲು ಸ್ಪ್ಯಾನಿಷಿನಲ್ಲಿ ‘ಅ ರವಿ ಲೆ ಗುಸ್ತ’ ಎಂದು ಚತುರ್ಥಿಯನ್ನು ಎರಡು ಬಾರಿ ಗುರುತಿಸಬೇಕಾದುದೂ ನಮಗೆ ಹೊಸದು. ಒಂದೇ ರಚನೆಯ ಸುತ್ತ ಇಂಗ್ಲಿಷಿನವನಿಗೂ ಕನ್ನಡದವಳಿಗೂ ಬೇರೆ ಬೇರೆ ಹಳ್ಳಗಳಿವೆ. ಪುಸ್ತಕ ಒಬ್ಬರ ಹಳ್ಳದ ಬಳಿ ಮಾತ್ರ ದೀಪವಿಟ್ಟಿದೆ.

4. ‘ಅಲ್ಲ’ ಮತ್ತು ‘ಇಲ್ಲ’

ಸ್ಪ್ಯಾನಿಷಿನಲ್ಲಿ ‘ಇರು/ಆಗಿರು’ ಎಂಬರ್ಥಕ್ಕೆ ‘ಸೆರ್’ ಮತ್ತು ‘ಎಸ್ತರ್’ ಎಂಬ ಎರಡು ಕ್ರಿಯಾಪದಗಳಿವೆ. ಇಂಗ್ಲಿಷಿನಲ್ಲಿ ಒಂದೇ ಇರುವುದರಿಂದ ಇದು ಆ ಭಾಷಿಕರಿಗೆ ವಿಭಜನೆಯ ಸಮಸ್ಯೆ: ಒಂದು ಎರಡಾಗಬೇಕು. ಆರಂಭಿಕ ಪುಸ್ತಕಗಳು ಕೊಡುವ ಸೂತ್ರ ಪ್ರಸಿದ್ಧವಾದದ್ದು: ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತರ್. ಈ ಸೂತ್ರ ಬಹುಬೇಗ ಮುರಿದುಬೀಳುತ್ತದೆ. ಸತ್ತವನ ಬಗೆಗೆ ‘ಎಸ್ತ ಮ್ವೆರ್ತೊ’ ಎಂದು ಎಸ್ತರ್ ಬಳಸುತ್ತಾರೆ. ಸಾವಿಗಿಂತ ಶಾಶ್ವತವಾದದ್ದು ಯಾವುದಿದೆ? ಊರು ಬೆಟ್ಟದ ಬುಡದಲ್ಲಿದೆ ಎನ್ನಲೂ ಎಸ್ತರ್ ಬೇಕು. ಬೆಟ್ಟವೂ ಊರೂ ನಾಳೆ ಕದಲುವುದಿಲ್ಲ. ಹೊತ್ತು ಎಷ್ಟಾಯಿತು ಎನ್ನಲು ಸೆರ್, ಹೊತ್ತಿಗಿಂತ ತಾತ್ಕಾಲಿಕವಾದದ್ದಿಲ್ಲ. ಆಗ ಪುಸ್ತಕಗಳು ಅಪವಾದಗಳ ಪಟ್ಟಿಯನ್ನು ಕೊಡುತ್ತವೆ.

ಈ ಸೂತ್ರವನ್ನು ಕನ್ನಡಕ್ಕೆ ಅನುವಾದಿಸಿ ಕಲಿಸುವುದು ಅನಗತ್ಯವೆಂದು ನಮ್ಮ ಅಭಿಪ್ರಾಯ. ಕನ್ನಡದಲ್ಲಿ ಈ ವಿಭಜನೆಯ ಒಂದು ರೂಪ ಆಗಲೇ ಇದೆ. ಪಿರಿಯಾಪಟ್ಟಣದ ಆಡುಮಾತಿನಲ್ಲಿಯೇ ನೋಡೋಣ:

(3) ಅವ್ರು ಮೇಷ್ಟ್ರು. — ಎಸ್ ಮಯೆಸ್ತ್ರೊ.
(4) ಅವ್ರು ಮನೇಲಿದ್ದಾರೆ. — ಎಸ್ತ ಎನ್ ಕಸ.

(3) ನಾಮವಾಕ್ಯ, ಅದರಲ್ಲಿ ಕ್ರಿಯಾಪದವೇ ಇಲ್ಲ. (4)ರಲ್ಲಿ ‘ಇರು’ ಬಂದಿದೆ. (‘ಕಸ’ ಎಂದರೆ ಮನೆ ಎಂಬುದು ತರಗತಿಯಲ್ಲಿ ನಗೆ ತರಿಸಬಹುದು, ಆ ಪದವನ್ನು ಮತ್ತೆ ಯಾರೂ ಮರೆಯಲಾರರು.) ಈ ಭೇದ ಸ್ಪಷ್ಟವಾಗಿ ಕಾಣುವುದು ನಿಷೇಧದಲ್ಲಿ:

(5) ಅವ್ರು ಮೇಷ್ಟ್ರಲ್ಲ. — ನೊ ಎಸ್ ಮಯೆಸ್ತ್ರೊ.
(6) ಅವ್ರು ಮನೇಲಿಲ್ಲ. — ನೊ ಎಸ್ತ ಎನ್ ಕಸ.

‘ಅಲ್ಲ’ ಬರುವಲ್ಲಿ ಸೆರ್, ‘ಇಲ್ಲ’ ಬರುವಲ್ಲಿ ಎಸ್ತರ್. ‘ಅವ್ರು ಮೇಷ್ಟ್ರಿಲ್ಲ’ ಎಂದಾಗಲಿ ‘ಅವ್ರು ಮನೇಲಲ್ಲ’ ಎಂದಾಗಲಿ ಸಹಜ ಸಂದರ್ಭದಲ್ಲಿ ಯಾವ ಕನ್ನಡ ಮಗುವೂ ಹೇಳುವುದಿಲ್ಲ. ಎರಡನೆಯದನ್ನು ಹೇಳಿದರೆ ಅದು ‘ಮನೇಲಲ್ಲ, ಹೊಲದಲ್ಲಿ’ ಎಂಬಂತೆ ತಿದ್ದುವ ಮಾತಾಗುತ್ತದೆ. ಶಾಶ್ವತ–ತಾತ್ಕಾಲಿಕ ಸೂತ್ರಕ್ಕೆ ಸಿಗದ ಸತ್ತವನ ಉದಾಹರಣೆಯೂ ಇಲ್ಲಿ ಅಪವಾದವಾಗಿ ಉಳಿಯುವುದಿಲ್ಲ. ನಾವು ‘ಸತ್ತಿದ್ದಾನೆ’ ಎನ್ನುತ್ತೇವೆ. ಒಂದು ಕ್ರಿಯೆ ಮುಗಿದು ಉಳಿದ ಸ್ಥಿತಿಯನ್ನು ‘ಇರು’ ಹೊರುತ್ತದೆ. ‘ಬಾಗಿಲು ತೆರೆದಿದೆ’, ‘ಅವಳು ಕೂತಿದ್ದಾಳೆ’ ಎಂಬಲ್ಲಿಯೂ ಹಾಗೆಯೇ. ಇವೆಲ್ಲಕ್ಕೂ ಸ್ಪ್ಯಾನಿಷಿನಲ್ಲಿ ಎಸ್ತರ್. ಇಷ್ಟಲ್ಲದೆ ‘ನಾನು ನಿಲ್ಲು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಎಸ್ತರ್ ಬಂದದ್ದೆಂಬ ಚಾರಿತ್ರಿಕ ಸಂಗತಿಯೂ ಸ್ಥಿತಿ, ಸ್ಥಾನಗಳ ಈ ಸಂಬಂಧಕ್ಕೆ ಪೋಷಕವಾಗಿದೆ.

ಈ ಪರೀಕ್ಷೆಯ ಮಿತಿಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು, ‘ಇಲ್ಲ’ದ ಹರವು ದೊಡ್ಡದು. ‘ಇಲ್ಲಿ ಕೆರೆ ಇಲ್ಲ’ ಎಂಬ ಅಸ್ತಿತ್ವದ ನಿಷೇಧಕ್ಕೆ ಸ್ಪ್ಯಾನಿಷ್ ‘ನೊ ಅಯ್’ ಎಂಬ ಮೂರನೆಯ ರೂಪವನ್ನು ಬಳಸುತ್ತದೆ. ‘ನನಗೆ ದುಡ್ಡಿಲ್ಲ’ ಎಂಬುದಕ್ಕೆ ತೆನೆರ್. ಅಂದರೆ ನಮ್ಮ ‘ಇಲ್ಲ’ ಅಲ್ಲಿ ಮೂರಾಗಿ ಒಡೆಯುತ್ತದೆ. ‘ಇಲ್ಲಿ ಕೆರೆ ಇದೆ’ ಎಂಬುದಕ್ಕೂ ‘ಕೆರೆ ಇಲ್ಲಿದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ನಾವು ಪದಾನುಕ್ರಮದಿಂದ ತೋರಿಸಿದರೆ, ಅವರು ಕ್ರಿಯಾಪದವನ್ನೇ ಬದಲಿಸುತ್ತಾರೆ. ಎರಡನೆಯದು, ಗುಣವಾಚಕಗಳ ಪ್ರದೇಶ. ‘ಅವನು ಎತ್ತರವಾಗಿದ್ದಾನೆ’ ಎಂಬಲ್ಲಿ ‘ಇರು’ ಇದ್ದರೂ ಸ್ಪ್ಯಾನಿಷಿನಲ್ಲಿ ‘ಎಸ್ ಅಲ್ತೊ’ ಎಂದು ಸೆರ್ ಬರುತ್ತದೆ. ಇಲ್ಲಿ ವಾಕ್ಯವನ್ನು ನಾಮರೂಪಕ್ಕೆ ತಿರುಗಿಸಿ ನೋಡಬೇಕು: ‘ಅವನು ಎತ್ತರದವನು’, ‘ಎತ್ತರದವನಲ್ಲ’ ಎಂದು ಹೇಳಿದರೂ ನಾವು ಹೇಳಬೇಕೆಂದಿದ್ದ ಅರ್ಥ ಕೆಡದಿದ್ದರೆ ಸೆರ್. ‘ನೀರು ಬಿಸಿಯಾಗಿದೆ’ ಎಂಬುದನ್ನು ಹಾಗೆ ತಿರುಗಿಸಲು ಹೋದರೆ ‘ಬಿಸಿಯದು’ ಎಂದಾಗಿ ಅರ್ಥವೇ ಹೊರಳುತ್ತದೆ, ಅದು ಎಸ್ತರ್. ಈ ಎರಡನೆಯ ಹೆಜ್ಜೆ ಮೊದಲನೆಯದರಷ್ಟು ದೃಢವಲ್ಲ. ಆದರೂ ಅಪವಾದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ತನ್ನದೇ ಭಾಷೆಯ ಎರಡು ವಾಕ್ಯಗಳ ಅಂತರವನ್ನು ಕೇಳಿಸಿಕೊಳ್ಳುವುದು ಉತ್ತಮ ಅಭ್ಯಾಸ.

5. ಆಳು ಮತ್ತು ಆಳನ್ನು

ಸ್ಪ್ಯಾನಿಷಿನಲ್ಲಿ ಕರ್ಮಪದ ನಿರ್ದಿಷ್ಟ ಮನುಷ್ಯನಾದರೆ ಅದರ ಹಿಂದೆ ‘ಅ’ ಎಂಬ ಉಪಸರ್ಗವನ್ನಿಡಬೇಕು. ವಸ್ತುವಾದರೆ ಸಾಮಾನ್ಯವಾಗಿ ಬೇಡ. ಇಂಗ್ಲಿಷಿನಲ್ಲಿ ಇದಕ್ಕೆ ಸಮಾನವಾದದ್ದಿಲ್ಲದ ಕಾರಣ, ಇದನ್ನು ಅರ್ಥವಿಲ್ಲದ, ಅನುವಾದಿಸಲಾಗದ ಒಂದು ಅಕ್ಷರವೆಂದು ಪುಸ್ತಕಗಳು ಪರಿಚಯಿಸುತ್ತವೆ. ಕನ್ನಡದಲ್ಲಿ ‘ಪುಸ್ತಕ ನೋಡಿದೆ’ ಎನ್ನಬಹುದು. ‘ರವಿ ನೋಡಿದೆ’ ಎಂದು ಆ ಅರ್ಥದಲ್ಲಿ ಹೇಳಲಾಗದು, ‘ರವಿಯನ್ನು ನೋಡಿದೆ’ ಎನ್ನಲೇಬೇಕು. ಗೇಯೊರ್ಗ್ ಬೊಸ್ಸೊಂಗ್ 1985ರಲ್ಲಿ ಇರಾನಿ ಭಾಷೆಗಳನ್ನು ಕುರಿತ ಗ್ರಂಥದಲ್ಲಿ ‘ವಿಭೇದಿತ ಕರ್ಮ ಗುರುತು’ ಎಂದು ಹೆಸರಿಸಿದ ವಿದ್ಯಮಾನವಿದು. ಕನ್ನಡದ ದ್ವಿತೀಯೆಯ ಈ ಬಗೆಯನ್ನು ಜೆಫ್ರಿ ಲಿಡ್ಜ್ 2006ರಲ್ಲಿ ವಿವರವಾಗಿ ಪರಿಶೀಲಿಸಿದ್ದಾರೆ.

ಹೋಲಿಕೆ ಇನ್ನೂ ಆಳಕ್ಕೆ ಹೋಗುತ್ತದೆ. ಮನುಷ್ಯನೇ ಆದರೂ ನಿರ್ದಿಷ್ಟನಲ್ಲದಿದ್ದರೆ ಸ್ಪ್ಯಾನಿಷ್ ‘ಅ’ವನ್ನು ಬಿಡಬಲ್ಲದು. ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಪಿರಿಯಾಪಟ್ಟಣ, ಹುಣಸೂರುಗಳ ಬೆಳೆಗಾರರು ಆಡುವ ಮಾತನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ:

(7) ಆಳು ಹುಡುಕ್ತಿದ್ದೀನಿ. — ಬುಸ್ಕೊ ಉನ್ ಪೆಯೊನ್.
(8) ಒಬ್ಬ ಆಳನ್ನ ಹುಡುಕ್ತಿದ್ದೀನಿ. — ಬುಸ್ಕೊ ಅ ಉನ್ ಪೆಯೊನ್.

(7)ರಲ್ಲಿ ಯಾವ ಆಳಾದರೂ ಸರಿ, ಕೆಲಸಕ್ಕೆ ಜನ ಬೇಕು. (8)ರಲ್ಲಿ ಯಾರೋ ಒಬ್ಬ ಗೊತ್ತಾದ ಆಳು ಮನಸ್ಸಿನಲ್ಲಿರುವ ಸಂಭವ ಹೆಚ್ಚು. ‘ಆ ಆಳನ್ನ’ ಎಂದರೆ ಆ ಸಂಭವ ನಿಶ್ಚಯವಾಗುತ್ತದೆ. ‘ಹೆಣ್ಣು ನೋಡೋಕೆ ಹೋಗಿದ್ದಾರೆ’ ಎಂಬುದಕ್ಕೂ ‘ಹೆಣ್ಣನ್ನ ನೋಡೋಕೆ ಹೋಗಿದ್ದಾರೆ’ ಎಂಬುದಕ್ಕೂ ಇರುವ ಅಂತರ ಗೊತ್ತಿರುವವರಿಗೆ ಸ್ಪ್ಯಾನಿಷಿನ ಈ ‘ಅ’ ಅರ್ಥವಿಲ್ಲದ ಅಕ್ಷರವಾಗಿ ಕಾಣಬೇಕಾಗಿಲ್ಲ. ಕನ್ನಡದಲ್ಲಿ ‘ಒಬ್ಬ’ ಎಂಬುದು ಬಂದೊಡನೆ ದ್ವಿತೀಯೆ ಬಹುಮಟ್ಟಿಗೆ ಕಡ್ಡಾಯವಾಗುತ್ತದೆ, ಸ್ಪ್ಯಾನಿಷಿನಲ್ಲಿ ‘ಉನ್’ ಇದ್ದರೂ ಹಾಗಾಗುವುದಿಲ್ಲ ಎಂಬ ವ್ಯತ್ಯಾಸವನ್ನು ಶಿಕ್ಷಕರು ಗಮನಕ್ಕೆ ತರಬೇಕು. ಇನ್ನೊಂದು ಕುತೂಹಲದ ಸಂಗತಿ: ಕೂಲಿಯಾಳು ಎಂಬರ್ಥದ ಆ ‘ಪೆಯೊನ್’ ಪದವೂ ನಮ್ಮ ಕಚೇರಿಗಳ ‘ಪ್ಯೂನ್’ ಪದವೂ ಸೋದರಪದಗಳು. ‘ತಂಬಾಕು’ ಮತ್ತು ‘ತಬಕೊ’ಗಳ ನಂಟೂ ಅಂಥದೇ.

ನಿರ್ದಿಷ್ಟತೆಯ ಈ ಅರಿವು ಇನ್ನೊಂದು ಕಡೆಯೂ ಉಪಯುಕ್ತ. ಸ್ಪ್ಯಾನಿಷಿನಲ್ಲಿ ನಾಮಪದದ ಹಿಂದೆ ನಿರ್ದೇಶಕಗಳಿವೆ, ಇಂಗ್ಲಿಷಿನಲ್ಲಿಯೂ ಇವೆ, ಆದ್ದರಿಂದ ಪುಸ್ತಕಗಳು ಅವುಗಳ ರೂಪಗಳನ್ನಷ್ಟೇ ಕೊಟ್ಟು, ಯಾವಾಗ ಬಳಸಬೇಕೆಂಬುದನ್ನು ಓದುಗರ ಅಂದಾಜಿಗೆ ಬಿಡುತ್ತವೆ. ಕನ್ನಡಿಗರಿಗೆ ಆ ಅಂದಾಜಿಲ್ಲ. ಆದರೆ ‘ಹಾಲು ಕುಡಿದೆ’, ‘ಹಾಲನ್ನು ಕುಡಿದೆ’ ಎಂಬ ಜೋಡಿ ಇದೆ. ಮೊದಲನೆಯದು ‘ಬೆಬಿ ಲೆಚೆ’, ಎರಡನೆಯದು ‘ಬೆಬಿ ಲ ಲೆಚೆ’. ದ್ವಿತೀಯಾ ಪ್ರತ್ಯಯ ನಮ್ಮಲ್ಲಿ ಮಾಡುವ ಕೆಲಸದ ಒಂದು ಪಾಲನ್ನು ಅಲ್ಲಿ ನಿರ್ದೇಶಕ ಮಾಡುತ್ತದೆ. ಈ ಹೋಲಿಕೆ ಕರ್ಮಸ್ಥಾನದಾಚೆಗೆ ಹೋಗುವುದಿಲ್ಲ. ಆದರೆ ಆರಂಭಕ್ಕೆ ಒಂದು ನೆಲೆಯನ್ನು ಕೊಡುತ್ತದೆ.

6. ಪುಸ್ತಕ ಮೌನವಾಗಿರುವಲ್ಲಿ

ಇದುವರೆಗಿನದು ಸಿಹಿಸುದ್ದಿ. ಇನ್ನು ಪುಸ್ತಕಗಳು ಹಗುರವಾಗಿ ದಾಟುವ, ನಮಗೆ ಭಾರವಾಗುವ ವಿಷಯಗಳು.

ಲಿಂಗ ಮತ್ತು ಪದಾನುಗುಣ್ಯ: ಕನ್ನಡದ ಲಿಂಗ ಅರ್ಥವನ್ನು ಅನುಸರಿಸುವುದು, ಕೇಶಿರಾಜನ ಕಾಲದಿಂದಲೂ ನಮ್ಮ ವ್ಯಾಕರಣಗಳು ಇದನ್ನು ಗುರುತಿಸಿವೆ. ಸ್ಪ್ಯಾನಿಷಿನಲ್ಲಿ ಮೇಜು, ‘ಲ ಮೆಸ’, ಸ್ತ್ರೀಲಿಂಗ. ಪುಸ್ತಕ, ‘ಎಲ್ ಲಿಬ್ರೊ’, ಪುಲ್ಲಿಂಗ. ಇಂಗ್ಲಿಷಿನವರಿಗೂ ಇದು ಹೊಸದಾದ್ದರಿಂದ ಪುಸ್ತಕಗಳಲ್ಲಿ ಪಾಠವಿದೆ. ಆದರೆ ನಮ್ಮ ವಿದ್ಯಾರ್ಥಿನಿಗೆ ಇಂಗ್ಲಿಷಿಗಿಂತ ಹತ್ತಿರದ ಸಹಾಯ ಹಿಂದಿಯಲ್ಲಿದೆ. ಅಲ್ಲಿ ಪುಸ್ತಕ ಸ್ತ್ರೀಲಿಂಗವೆಂದು ಕಲಿತಿದ್ದಾಳೆ, ವಿಶೇಷಣವನ್ನು ಅದಕ್ಕೆ ಹೊಂದಿಸಲು ಹೆಣಗಿದ್ದಾಳೆ. ಆ ಹೆಣಗಾಟದ ಅನುಭವವನ್ನು ಯಾವ ಇಂಗ್ಲಿಷ್ ಪುಸ್ತಕವೂ ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಕನ್ನಡದ ವಿಶೇಷಣ ಬದಲಾಗುವುದೇ ಇಲ್ಲ: ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಮನೆಗಳು. ಸ್ಪ್ಯಾನಿಷಿನಲ್ಲಿ ಅದು ಲಿಂಗಕ್ಕೂ ವಚನಕ್ಕೂ ಹೊಂದಬೇಕು. ಇದಕ್ಕೆ ಪ್ರತಿಯಾಗಿ, ‘ಬಂದನು, ಬಂದಳು, ಬಂದಿತು’ ಎಂದು ನಾವು ಕ್ರಿಯಾಪದದಲ್ಲಿ ತೋರುವ ಭೇದ ಅಲ್ಲಿ ‘ಬಿನೊ’ ಎಂಬ ಒಂದೇ ರೂಪದಲ್ಲಿ ಕರಗುತ್ತದೆ.

ಪದಾನುಕ್ರಮ: ‘ನೆನ್ನೆ ಬಂದ ಹುಡುಗ’ ಎಂಬಲ್ಲಿ ವಿವರಣೆ ಮೊದಲು, ನಾಮಪದ ಆಮೇಲೆ. ‘ಎಲ್ ಚಿಕೊ ಕೆ ಬಿನೊ ಅಯೆರ್’ ಎಂಬಲ್ಲಿ ನಾಮಪದ ಮೊದಲು, ವಿವರಣೆ ಆಮೇಲೆ. ವಿಭಕ್ತಿಪ್ರತ್ಯಯಗಳ ಸ್ಥಾನದಲ್ಲಿ ಉಪಸರ್ಗಗಳು. ವಾಕ್ಯದ ಕೊನೆಯಲ್ಲಿರಬೇಕಾದ ಕ್ರಿಯಾಪದ ನಡುವಿನಲ್ಲಿ. ವಾಕ್ಯವನ್ನು ಕಟ್ಟುವ ದಿಕ್ಕೇ ಬೇರೆ. ಇಂಗ್ಲಿಷಿನ ದಿಕ್ಕು ಇದೇ ಆದ್ದರಿಂದ ಆ ಪುಸ್ತಕಗಳಲ್ಲಿ ಇದಕ್ಕೆ ಪಾಠವೇ ಇರುವುದಿಲ್ಲ. ಕನ್ನಡಿಗರಿಗಾಗಿ ಹೊಸದಾಗಿ ಬರೆಯಬೇಕಾದ ಅಧ್ಯಾಯ ಯಾವುದೆಂದು ಕೇಳಿದರೆ ನಾವು ಮೊದಲು ಇದನ್ನೇ ಹೇಳುತ್ತೇವೆ.

ಧ್ವನಿ: ನಾಲಿಗೆಯನ್ನು ಹಲ್ಲಿಗೆ ತಾಗಿಸಿ ‘ತ’ ಉಚ್ಚರಿಸಬೇಕು, ಉಸಿರನ್ನು ಹೊರಚೆಲ್ಲಬಾರದು ಎಂದು ಇಂಗ್ಲಿಷ್ ಪುಸ್ತಕ ಚಿತ್ರಸಹಿತ ವಿವರಿಸುತ್ತದೆ. ಕನ್ನಡ ವರ್ಣಮಾಲೆ ಬಲ್ಲವರಿಗೆ ‘ತ’ ಎಂದು ಬರೆದರೆ ಸಾಕು. ನಾವು ಹಾಗೆ ಬರೆಯುವುದಿಲ್ಲ ಎಂಬುದೇ ವಿಷಾದ: ‘ಮದ್ರಿದ್’ ನಮ್ಮಲ್ಲಿ ‘ಮ್ಯಾಡ್ರಿಡ್’ ಆಗಿದೆ, ‘ಮಾರ್ಕೆಸ್’ ‘ಮಾರ್ಕ್ವೆಜ್’ ಆಗಿದ್ದಾರೆ. ‘ಪೆರೊ’ (ಆದರೆ), ‘ಪೆಱೊ’ (ನಾಯಿ) ಎಂಬ ಭೇದವನ್ನು ತೋರಿಸಲು ಹಳಗನ್ನಡದ ಶಕಟರೇಫೆ ನಮ್ಮ ಕೈಯಲ್ಲಿಯೇ ಇದೆ. ಆದರೆ ಒತ್ತಿನ ವಿಷಯದಲ್ಲಿ ಎಚ್ಚರ ಬೇಕು. ‘ಅಬ್ಲೊ’ ಎಂಬುದರಲ್ಲಿ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ‘ಮಾತನಾಡುತ್ತೇನೆ’, ಕೊನೆಯದಕ್ಕೆ ಬಿದ್ದರೆ ‘ಮಾತನಾಡಿದನು’ ಅಥವಾ ‘ಮಾತನಾಡಿದಳು’. ಕನ್ನಡದಲ್ಲಿ ಅರ್ಥಭೇದಕವಾದದ್ದು ಸ್ವರದ ಉದ್ದ, ಒತ್ತಲ್ಲ. ಆದ್ದರಿಂದ ಒತ್ತು ನಮ್ಮ ಕಿವಿಗೆ ದೀರ್ಘವಾಗಿ ಕೇಳಿಸಬಹುದು. ಇದಕ್ಕೆ ಬೇಕಾದ ಅಭ್ಯಾಸಪಾಠಗಳು ಇಂಗ್ಲಿಷಿನಿಂದ ಎರವಲು ಸಿಗುವುದಿಲ್ಲ.

7. ಎರಡು ಆಕ್ಷೇಪಗಳು ಮತ್ತು ಸಮಾರೋಪ

ಸ್ಪ್ಯಾನಿಷ್ ಕಲಿಯುವ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬಂದಿರುತ್ತದೆ, ಹಾಗಾಗಿ ಅದರ ಮೂಲಕ ಕಲಿತರೆ ತಪ್ಪೇನು ಎಂಬುದು ಮೊದಲ ಆಕ್ಷೇಪ. ಇಂಗ್ಲಿಷ್ ಬಂದಿರುವುದು ಲಾಭವೇ. ನಿರ್ದೇಶಕಗಳಲ್ಲಿ, ಪದಾನುಕ್ರಮದಲ್ಲಿ, ಲ್ಯಾಟಿನ್ ಮೂಲದ ಪದಸಂಪತ್ತಿನಲ್ಲಿ ಅದು ನೆರವಾಗುತ್ತದೆ. ಅದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಇಂಗ್ಲಿಷ್ ಬಲ್ಲವರು ಬೇರೆ, ಇಂಗ್ಲಿಷನ್ನು ಮಾತ್ರ ಬಲ್ಲವರು ಬೇರೆ. ಈ ಪುಸ್ತಕಗಳನ್ನು ಬರೆದಿರುವುದು ಎರಡನೆಯವರಿಗೆ.

ಸಂಸ್ಕೃತದ ಚೌಕಟ್ಟು ಕನ್ನಡಕ್ಕೆ ಒಗ್ಗದು, ಲ್ಯಾಟಿನ್ನಿನದು ಸ್ಪ್ಯಾನಿಷಿಗೆ ಒಗ್ಗದು ಎಂದ ಮೇಲೆ ಕನ್ನಡದ ಚೌಕಟ್ಟನ್ನು ಸ್ಪ್ಯಾನಿಷಿಗೆ ಹಾಕುವುದು ಅದೇ ತಪ್ಪಲ್ಲವೇ ಎಂಬುದು ಎರಡನೆಯ, ಹೆಚ್ಚು ಗಂಭೀರವಾದ ಆಕ್ಷೇಪ. ವರ್ಣನೆ ಮತ್ತು ಬೋಧನೆಗಳ ಭೇದ ಇಲ್ಲಿ ಮುಖ್ಯವಾಗುತ್ತದೆ. ಒಂದು ಭಾಷೆಯನ್ನು ವರ್ಣಿಸುವಾಗ ಅದರ ಸ್ವಂತ ನಿಯಮಗಳೇ ಪ್ರಮಾಣ. ಬೆಯೊ ಮತ್ತು ಶಂಕರ ಭಟ್ಟರ ವಾದ ಅಲ್ಲಿ ಪೂರ್ಣವಾಗಿ ಸಲ್ಲುತ್ತದೆ. ಅದನ್ನು ಕಲಿಸುವಾಗ ಕಲಿಯುವವರು ನಿಂತಿರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ‘ಅಲ್ಲ–ಇಲ್ಲ’ ಪರೀಕ್ಷೆ ಸೆರ್–ಎಸ್ತರ್‌ಗಳ ಸಿದ್ಧಾಂತವಲ್ಲ, ಅದು ಏಣಿ. ಗುಣವಾಚಕಗಳ ಬಳಿ ಅದು ಅಲುಗಾಡುವುದನ್ನು ನಾವೇ ತೋರಿಸಿದ್ದೇವೆ. ಶಾಶ್ವತ–ತಾತ್ಕಾಲಿಕ ಎಂಬುದೂ ಒಂದು ಏಣಿಯೇ. ಆದರೆ ಅದನ್ನು ಗೋಡೆಯೆಂದು ಹೇಳಿ ಮಾರಲಾಗುತ್ತಿದೆ, ಅದೂ ನಮ್ಮ ಮನೆಗೆ ಒರಗದ ಏಣಿ.

ಆದ್ದರಿಂದ ನಮ್ಮ ಸಲಹೆ ಹೊಸ ಸಂಸ್ಥೆಯನ್ನಾಗಲಿ ದೊಡ್ಡ ಯೋಜನೆಯನ್ನಾಗಲಿ ಬೇಡುವುದಿಲ್ಲ. 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನವಿರುವ ಮೈಸೂರಿನಲ್ಲಿ ಭಾಷೆಗಳನ್ನು ಹೋಲಿಸುವ ಪರಿಣತಿಗೆ ಕೊರತೆಯಿಲ್ಲ. ಈಗಿರುವ ಯಾವುದೇ ಆರಂಭಿಕ ಪುಸ್ತಕವನ್ನು ಬಳಸುತ್ತಲೇ ಶಿಕ್ಷಕರು ಮೂರು ಪಟ್ಟಿಗಳನ್ನು ಮಾಡಿಕೊಳ್ಳಬಹುದು: ಪುಸ್ತಕ ಕಠಿಣವೆನ್ನುವ, ಕನ್ನಡಿಗರಿಗೆ ಗೊತ್ತಿರುವ ವಿಷಯಗಳು, ಪುಸ್ತಕ ಹೇಳದೆ ಬಿಡುವ, ಕನ್ನಡಿಗರಿಗೆ ಕಠಿಣವಾದ ವಿಷಯಗಳು, ಇಬ್ಬರಿಗೂ ಕಠಿಣವಾದರೂ ನಮಗೆ ಹಿಂದಿಯಿಂದ ನೆರವು ದೊರೆಯುವ ವಿಷಯಗಳು. ಇವು ಒಂದು ಶೈಕ್ಷಣಿಕ ವರ್ಷದೊಳಗೆ ಕೈಬರಹದಲ್ಲಿಯೇ ಸಿದ್ಧವಾಗಬಲ್ಲವು. ನಮ್ಮ ಊಹೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ತರಗತಿಯ ಉತ್ತರಪತ್ರಿಕೆಗಳೇ ತಿದ್ದಲಿ.

ಪಿರಿಯಾಪಟ್ಟಣದಿಂದ ಬಂದ ಆ ವಿದ್ಯಾರ್ಥಿನಿ ಮೊದಲ ದಿನ ತರಗತಿಯಲ್ಲಿ ‘ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ’ ಎಂದು ಸಂಕೋಚದಿಂದ ಹೇಳಿದರೆ, ಆ ವಾಕ್ಯವನ್ನೇ ಕಪ್ಪುಹಲಗೆಯ ಮೇಲೆ ಬರೆಯಬಹುದು. ಬರುವುದು ಭಾಷೆ, ಅದು ಬರುವುದು ‘ನನಗೆ’. ಸ್ಪ್ಯಾನಿಷಿನ ಆ ‘ಹಿಂದುಮುಂದಾದ’ ಕ್ರಿಯಾಪದದ ಮೊದಲ ಪಾಠ ಆಕೆಯ ಆ ಮಾತಿನಲ್ಲಿಯೇ ಇದೆ.